ಓದುಗರ ಪ್ರಶ್ನೆ: 80 ಅಡಿ ರಸ್ತೆ ದಾಟಲು ಸ್ಕೈವಾಕ್ ಬೇಕೆ, ಎತ್ತರದ ಜೀಬ್ರಾ ಸಾಕೆ?

ವಾಕಿಂಗ್ ಹಾದಿ, ಸೈಕಲ್ ಹಾದಿಗಳು ದೊಡ್ಡ ರಸ್ತೆಗೆ ಬಂದು ಸೇರುವ ಜಾಗದಲ್ಲಿ ದಾಟುವುದು ಹೇಗೆ ಎಂಬ ಬಗ್ಗೆ ಈ ಬಾರಿ ಹಲವು ಪತ್ರಗಳು ಬಂದಿವೆ. ಒಂದೇ ತೆರನ ಪತ್ರಗಳನ್ನು ಕೂಡಿಸಿ, ಆಯ್ದವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ನಮ್ಮ ಬಡಾವಣೆಯ ಕೆರೆ ಏರಿ ಮೇಲೆ ವಾಕಿಂಗ್ ಮತ್ತು ಸೈಕಲ್ ಹಾದಿ ಇದೆ. ಅದು 80 ಅಡಿ ರಸ್ತೆಗೆ ಬಂದು ನಿಂತುಹೋಗುತ್ತದೆ. ಹಾದಿಯ ಮುಂದಿನ ಭಾಗ, ಪಾರ್ಕು, ಬಸ್ ಸ್ಟಾಪು ಎಲ್ಲವೂ ರಸ್ತೆಯಾಚೆ. ಈಗ ಡಿವೈಡರ್ ಸಂದಿಯಲ್ಲಿ ನುಸುಳಿ ದಾಟುತ್ತಿದ್ದೇವೆ. ಲಿಫ್ಟ್ ಇರುವ ಸ್ಕೈವಾಕ್ ಕೇಳಬೇಕೆಂದು ಸಂಘದಲ್ಲಿ ತೀರ್ಮಾನವಾಗಿದೆ. ಮನವಿಯಲ್ಲಿ ಏನೇನು ಬರೆಯಬೇಕು?
— ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಮನವಿ ಬರೆಯುವ ಮುಂಚೆ ಒಂದು ಲೆಕ್ಕ ಹಾಕಿ ನೋಡಿ. ಊರೊಳಗಿನ ರಸ್ತೆಯ ಮೇಲೆ ಸೇತುವೆ ಕಟ್ಟಿದರೆ ಲಾರಿ, ಬಸ್ಸು ಹೋಗಲು ಕೆಳಗೆ 5.5 ಮೀಟರ್ ತೆರಪು ಬಿಡಬೇಕು. ಸೇತುವೆಯ ತೊಲೆ, ಹಾಸು ಸೇರಿ ಇನ್ನರ್ಧ ಮೀಟರ್. ಅಲ್ಲಿಗೆ ದಾಟುವವರು 6 ಮೀಟರ್ ಏರಬೇಕು, ಮತ್ತೆ ಅಷ್ಟೇ ಇಳಿಯಬೇಕು. ವ್ಹೀಲ್‌ಚೇರಿಗೆ ಒಪ್ಪುವ ಅತಿ ಕಡಿದಾದ ಇಳಿಜಾರು 12ಕ್ಕೆ 1, ಅಂದರೆ 12 ಮೀಟರ್ ಉದ್ದಕ್ಕೆ 1 ಮೀಟರ್ ಏರಿಕೆ. ಹಾಗಾಗಿ ರ‍್ಯಾಂಪಿನ ಉದ್ದವೇ 72 ಮೀಟರ್. ಪ್ರತಿ 750 ಮಿ.ಮೀ. ಏರಿಕೆಗೊಮ್ಮೆ ತೋಳಿಗೆ ಬಿಡುವು ಕೊಡಲು ಒಂದೂವರೆ ಮೀಟರಿನ ಸಮತಟ್ಟು ಬೇಕು. ಅಂಥವು ಏಳು, ಅಂದರೆ ಇನ್ನು 10.5 ಮೀಟರ್. ಒಂದು ಬದಿಗೆ 82.5, ಎರಡೂ ಬದಿಗೆ 165 ಮೀಟರ್. ನಿಮ್ಮ ರಸ್ತೆಯ ವಾಹನ ಓಡುವ ಭಾಗ ಡಿವೈಡರ್ ಸೇರಿ 15 ಮೀಟರ್ ಇದ್ದೀತು. ಹದಿನೈದು ಮೀಟರ್ ದಾಟಲು ನೂರೆಂಬತ್ತು ಮೀಟರ್ ಸುತ್ತು! ತುಳಿದುಕೊಂಡೇ ಹತ್ತುವ ಸೈಕಲ್ಲಿಗೆ 20ಕ್ಕೆ 1ರ ಇಳಿಜಾರು ಕೊಡೋಣ ಎಂದರೆ ಒಂದೊಂದು ಬದಿಗೂ 120 ಮೀಟರ್ ಜಾಗ ಹುಡುಕಬೇಕು. ಅಷ್ಟು ಜಾಗ ಇಲ್ಲದ್ದರಿಂದಲೇ ನಮ್ಮ ಸ್ಕೈವಾಕ್‌ಗಳಿಗೆ ಮೆಟ್ಟಿಲು ಮತ್ತು ಲಿಫ್ಟು ಬಂದದ್ದು.

ಲಿಫ್ಟಿನ ಪಾಡು ಬೇರೆ. ಸೈಕಲ್ ಉದ್ದ 1.8 ಮೀಟರ್. ಎಂಟು ಜನರ ಲಿಫ್ಟಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು ಹೋಗಲು ಆಗುವುದಿಲ್ಲ, ಒಳ ಅಳತೆ 1.1 ಮೀಟರ್ ಅಗಲ, 2 ಮೀಟರ್ ಉದ್ದ ಇರಲೇಬೇಕು. ಕರೆಂಟ್ ಹೋದಾಗಿನ ವ್ಯವಸ್ಥೆ, ವರ್ಷದ ನಿರ್ವಹಣಾ ಕರಾರು, ಕಾವಲು ಇವಿಷ್ಟೂ ಕಟ್ಟಿದ ದಿನದಿಂದಲೇ ಶುರುವಾಗುವ ಖರ್ಚು. ಬೆಂಗಳೂರಿನಲ್ಲಿ ಜಾಹೀರಾತಿನ ಹಕ್ಕು ಕೊಟ್ಟು ಖಾಸಗಿಯವರಿಂದ ಸ್ಕೈವಾಕ್ ಕಟ್ಟಿಸುವ ಪದ್ಧತಿ ಬಂತು. ಅಂಥ ಕರಾರಿನಲ್ಲಿ ಜನ ದಾಟುವ ಜಾಗಕ್ಕಿಂತ ಬೋರ್ಡು ಚೆನ್ನಾಗಿ ಕಾಣುವ ಜಾಗದ ಕಡೆಗೆ ಸೆಳೆತ ಇದ್ದೇ ಇರುತ್ತದೆ. ಸ್ಕೈವಾಕ್ ಬಂದ ಮೇಲೆ ಕೆಳಗಿನ ಡಿವೈಡರಿಗೆ ಕಬ್ಬಿಣದ ಬೇಲಿ ಬೀಳುತ್ತದೆ. ಮೈಯಲ್ಲಿ ಕಸುವಿದ್ದವರು ಬೇಲಿ ಹಾರುತ್ತಾರೆ. ಲಿಫ್ಟು ಕೆಟ್ಟ ದಿನ ಉಳಿದವರು ಮನೆಯಲ್ಲೇ ಇರಬೇಕು.

ನಮ್ಮ ಸಲಹೆ, ದಾಟುವವರು ನೆಲದ ಮೇಲೇ ಇರಲಿ, ವಾಹನಗಳು ಹತ್ತಿ ಇಳಿಯಲಿ. ಫುಟ್‌ಪಾತಿನ ಮಟ್ಟಕ್ಕೆ ರಸ್ತೆಯನ್ನೇ ಎತ್ತರಿಸಿದ ಟೇಬಲ್‌ಟಾಪ್ ಕ್ರಾಸಿಂಗ್, ಮಧ್ಯೆ ಡಿವೈಡರಿನಲ್ಲಿ ನಿಲ್ಲಲು ಜಾಗ, ದಟ್ಟಣೆ ಹೆಚ್ಚಿದ್ದರೆ ಗುಂಡಿ ಒತ್ತುವ ಸಿಗ್ನಲ್, ಈ ಮೂರನ್ನು ಕೇಳಿ.

ನಡುವೆ ನಿಲ್ಲುವ ಜಾಗದ ಬೆಲೆ ಲೆಕ್ಕದಲ್ಲೇ ಗೊತ್ತಾಗುತ್ತದೆ. ವಯಸ್ಸಾದವರು ಸೆಕೆಂಡಿಗೆ 0.8 ಮೀಟರ್ ನಡೆಯುತ್ತಾರೆ ಎಂದುಕೊಳ್ಳಿ. ಬದಿಗೆ 7ರಂತೆ ಎರಡು ಬದಿ, ನಡುವಿನ ಡಿವೈಡರ್ 1.2 ಸೇರಿ 15.2 ಮೀಟರ್ ಒಂದೇ ಉಸಿರಿಗೆ ದಾಟಲು 19 ಸೆಕೆಂಡು, ನೋಡಿ ನಿರ್ಧರಿಸಲು ಇನ್ನೆರಡು. ಗಂಟೆಗೆ 40 ಕಿ.ಮೀ. ವೇಗದ ವಾಹನ ಆ 21 ಸೆಕೆಂಡಿನಲ್ಲಿ 233 ಮೀಟರ್ ಬಂದುಬಿಡುತ್ತದೆ. ಎರಡೂ ದಿಕ್ಕಿನಲ್ಲಿ ಏಕಕಾಲಕ್ಕೆ ಅಷ್ಟು ಖಾಲಿ ರಸ್ತೆ ಬೆಳಗಿನ ಐದಕ್ಕೆ ಸಿಕ್ಕೀತು. ಅದೇ 7 ಮೀಟರ್ ದಾಟಿ ನಡುವೆ ನಿಲ್ಲುವುದಾದರೆ ಒಂದು ದಿಕ್ಕಿನಲ್ಲಿ 119 ಮೀಟರ್ ಸಾಕು. ಎತ್ತರದ ಹಾಸಿನಿಂದ ವಾಹನದ ವೇಗ 25ಕ್ಕೆ ಇಳಿದರೆ 75 ಮೀಟರ್.

ಡಿವೈಡರ್ 1.2 ಮೀಟರ್ ಇದ್ದರೆ ಅದು ಮನುಷ್ಯ ನಿಲ್ಲುವುದಕ್ಕೆ ಮಾತ್ರ. ಸೈಕಲ್ಲಿನ ಹಿಂಚಕ್ರವೋ, ತಳ್ಳುಬಂಡಿಯಲ್ಲಿರುವ ಮಗುವಿನ ಕಾಲೋ ರಸ್ತೆಯೊಳಗೆ ಚಾಚಿಕೊಂಡಿರುತ್ತದೆ. ಕನಿಷ್ಠ 2.5 ಮೀಟರ್ ಬೇಕು. ಅದಕ್ಕೆ ಭೂಸ್ವಾಧೀನ ಬೇಕಿಲ್ಲ. ಕ್ರಾಸಿಂಗ್ ಇರುವಲ್ಲಿ ಎರಡೂ ಬದಿಯ 7 ಮೀಟರ್ ರಸ್ತೆಯನ್ನು 6.2ಕ್ಕೆ ಇಳಿಸಿದರೆ 1.6 ಮೀಟರ್ ಸಿಗುತ್ತದೆ, ಡಿವೈಡರ್ 2.8 ಆಗುತ್ತದೆ. ಲೇನು 3.1 ಮೀಟರಿಗೆ ಇಳಿದದ್ದರಿಂದ ವೇಗವೂ ತಗ್ಗುತ್ತದೆ.

ಮನವಿಯ ಜೊತೆ ಎಣಿಕೆ ಕೊಡಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಹಳೆಯ ಸೂತ್ರವನ್ನು ಎಂಜಿನಿಯರುಗಳು ಈಗಲೂ ಕೇಳುತ್ತಾರೆ. ದಟ್ಟಣೆಯ ಒಂದು ಗಂಟೆಯಲ್ಲಿ ದಾಟಿದವರ ಸಂಖ್ಯೆಯನ್ನು, ಅದೇ ಗಂಟೆಯ ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ಡಿವೈಡರ್ ಇಲ್ಲದ ರಸ್ತೆಯಲ್ಲಿ ಉತ್ತರ 10 ಕೋಟಿ ದಾಟಿದರೆ, ಡಿವೈಡರ್ ಇದ್ದಲ್ಲಿ 20 ಕೋಟಿ ದಾಟಿದರೆ, ಅಲ್ಲಿ ದಾಟುವ ವ್ಯವಸ್ಥೆ ಬೇಕೆಂದು ಅರ್ಥ. 300 ಜನ, 2,000 ವಾಹನ ಎಂದರೆ 120 ಕೋಟಿ. ನಿಮ್ಮ ರಸ್ತೆ ಸುಲಭವಾಗಿ ಪಾಸಾಗುತ್ತದೆ. ಈ ಸೂತ್ರಕ್ಕೊಂದು ಕುರುಡುತನವೂ ಇದೆ: ಹೆದರಿ ಅತ್ತ ಸುಳಿಯದವರನ್ನು ಅದು ಎಣಿಸುವುದಿಲ್ಲ. ಆದ್ದರಿಂದ ಏರಿಯ ಮೇಲೆ ಬಂದು ರಸ್ತೆ ಕಂಡು ಹಿಂದಿರುಗುವವರನ್ನೂ ಬೇರೆ ಎಣಿಸಿ ಬರೆಯಿರಿ.

2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರ ಪಾಲಿಕೆಗಳಿವೆ. ಅರ್ಜಿ ನಿಮ್ಮ ಪಾಲಿಕೆಯ ಎಂಜಿನಿಯರಿಂಗ್ ವಿಭಾಗಕ್ಕೆ ಹೋಗಲಿ, ಪ್ರತಿ ಸಂಚಾರ ಪೊಲೀಸರಿಗೆ ಮತ್ತು ನಗರ ಭೂ ಸಾರಿಗೆ ನಿರ್ದೇಶನಾಲಯಕ್ಕೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಒಂದು ಸಾಲಿನಲ್ಲಿ ಉಲ್ಲೇಖಿಸಿ. ಆಮೇಲೆ ವೆಚ್ಚ ಕಡಿಮೆ ಮಾಡುವ ನೆಪದಲ್ಲಿ ರ‍್ಯಾಂಪನ್ನೂ ದೃಷ್ಟಿ ಇಲ್ಲದವರ ಪಾದಕ್ಕೆ ತಿಳಿಯುವ ಸ್ಪರ್ಶ ಹಂಚನ್ನೂ ಬಿಡುವುದು ಕಷ್ಟವಾಗುತ್ತದೆ.

ಟೇಬಲ್‌ಟಾಪ್ ಕ್ರಾಸಿಂಗ್ ಕಟ್ಟುವ ಕೆಲಸ ನಮ್ಮ ಕೈಗೆ ಬಂದಿದೆ. ಎರಡು ಬದಿಗೂ 7 ಮೀಟರ್ ಟಾರು ರಸ್ತೆ, ಸಿಟಿ ಬಸ್ ಓಡುತ್ತದೆ. ಹಿಂದೆ ಬೇರೆಯವರು ಕಟ್ಟಿದ್ದೊಂದು ಆರೇ ತಿಂಗಳಿಗೆ ಅಂಚು ಒಡೆದು ಹಂಪ್ಸ್‌ಗಿಂತ ಕಡೆಯಾಗಿದೆ. ಅಳತೆ, ಸಾಮಗ್ರಿ, ಕ್ರಮ ತಿಳಿಸಿ.
— ಗುತ್ತಿಗೆದಾರರು, ದಾವಣಗೆರೆ

ಮೊದಲು ಆಕಾರ. ಮೇಲಿನ ಸಮತಟ್ಟು 6 ಮೀಟರ್ ಇರಲಿ: ನಡೆಯುವವರಿಗೆ 3, ಸೈಕಲ್ಲಿಗೆ 3. ಎತ್ತರ 100 ಮಿ.ಮೀ. ವಾಹನ ಹತ್ತುವ ಇಳಿಜಾರು ಎರಡೂ ಕಡೆ 2 ಮೀಟರ್, ಅಂದರೆ 20ಕ್ಕೆ 1. ಬಸ್ ಓಡದ ಒಳರಸ್ತೆಯಲ್ಲಿ 1.5 ಮೀಟರಿಗೂ ಇಳಿಸಬಹುದು. ಬಸ್ಸಿದ್ದಲ್ಲಿ ಬೇಡ. ಹಿಂದಿನ ಸೀಟಿನವರು ಎಗರಿ ಬೀಳುತ್ತಾರೆ, ಚಾಲಕರ ದೂರು ಹೋಗುತ್ತದೆ, ಒಂದು ರಾತ್ರಿ ಯಾರೋ ಬಂದು ಅಗೆದುಹಾಕುತ್ತಾರೆ. ಇದನ್ನು ಹಂಪ್ಸ್ ಜೊತೆ ಕಲಸಿಕೊಳ್ಳಬೇಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾದರಿಯ ಹಂಪ್ 3.7 ಮೀಟರ್ ಅಗಲದ, ದುಂಡನೆಯ ಬೆನ್ನಿನ, 100 ಮಿ.ಮೀ. ಎತ್ತರದ್ದು. ಅದರ ಮೇಲೆ ವ್ಹೀಲ್‌ಚೇರ್ ನಿಲ್ಲುವುದಿಲ್ಲ.

ಅಂಚು ಒಡೆಯುವುದಕ್ಕೆ ಕಾರಣ ಒಂದೇ. ಹಳೆಯ ಟಾರಿನ ಮೇಲೆ ಹೊಸದನ್ನು ಸುರಿದು ಬುಡದಲ್ಲಿ ಸೊನ್ನೆ ದಪ್ಪಕ್ಕೆ ಸವರುತ್ತಾರೆ. ತೆಳುವಾದ ಆ ತುದಿಗೆ ಹಿಡಿತ ಇಲ್ಲ. ಬಸ್ಸಿನ ಚಕ್ರ ಮೊದಲು ಬಡಿಯುವುದೂ ಅಲ್ಲೇ. ಆದ್ದರಿಂದ 10 ಮೀಟರ್ ಉದ್ದ, 7 ಮೀಟರ್ ಅಗಲದ ಇಡೀ ಪಟ್ಟಿಯನ್ನು 50 ಮಿ.ಮೀ. ಆಳಕ್ಕೆ ಕೆರೆದು ತೆಗೆಯಿರಿ. ಅಂಚನ್ನು ಗರಗಸ ಯಂತ್ರದಿಂದ ನೆಟ್ಟಗೆ ಕೊಯ್ಯಿರಿ, ಹಾರೆಯಿಂದ ಒಡೆಯಬೇಡಿ. ಧೂಳು ಊದಿಸಿ ಟ್ಯಾಕ್ ಕೋಟ್ (ಹಳೆಯದಕ್ಕೆ ಹೊಸದು ಅಂಟಲು ಬಳಿಯುವ ತೆಳು ಟಾರು) ಬಳಿದ ಮೇಲೆ ಎರಡು ಪದರದಲ್ಲಿ ಬಿಸಿ ಮಿಶ್ರಣ ಹಾಕಿ ರೋಲರ್ ಹೊಡೆಯಿರಿ.

ಬೇಕಾಗುವ ಪ್ರಮಾಣ, ಒಂದು ಬದಿಗೆ: ಕೆರೆದ ಗುಂಡಿ ತುಂಬಲು 3.5 ಘನ ಮೀಟರ್, ಸಮತಟ್ಟಿಗೆ 4.2, ಎರಡು ಇಳಿಜಾರಿಗೆ 1.4. ಒಟ್ಟು 9.1 ಘನ ಮೀಟರ್, ಒತ್ತಿದ ಮೇಲೆ ಸುಮಾರು 21ರಿಂದ 22 ಟನ್. ಎರಡೂ ಬದಿಯನ್ನು ಒಂದೇ ದಿನ ಮುಟ್ಟಬೇಡಿ. ಒಂದು ಬದಿ ಮುಗಿಸಿ, ತಣಿದು ಸಂಚಾರ ಬಿಟ್ಟ ಮೇಲೆ ಇನ್ನೊಂದು.

ಇಂಟರ್‌ಲಾಕ್ ಬ್ಲಾಕು ಹಾಸಬೇಕು ಎಂದು ಟೆಂಡರಿನಲ್ಲಿದ್ದರೆ ಮನೆ ಅಂಗಳಕ್ಕೆ ಹಾಕುವ 60 ಮಿ.ಮೀ. ಬ್ಲಾಕು ಬಸ್ಸಿನ ಕೆಳಗೆ ತಡೆಯುವುದಿಲ್ಲ. 100 ಮಿ.ಮೀ. ದಪ್ಪದ ಎಂ-50 ಗಟ್ಟಿತನದ ದರ್ಜೆಯ ಬ್ಲಾಕು, ಸಂಚಾರದ ದಿಕ್ಕಿಗೆ 45 ಡಿಗ್ರಿ ತಿರುಗಿಸಿದ, ಮೀನಿನ ಮುಳ್ಳಿನಂತೆ ಕಾಣುವ ಹೆರಿಂಗ್‌ಬೋನ್ ಜೋಡಣೆ, ನಾಲ್ಕೂ ಸುತ್ತ ಕಾಂಕ್ರೀಟ್ ಕಟ್ಟು. ಕಟ್ಟು ಸಡಿಲವಾದರೆ ಸಂದಿಯ ಮರಳು ಜಾರಿ ಒಂದು ಬ್ಲಾಕು ಅಲುಗುತ್ತದೆ, ಮಿಕ್ಕವು ಅದರ ಹಿಂದೆ ಹೊರಡುತ್ತವೆ.

ಟಾರು ಹಾಕುವ ಮೊದಲು ಅಡ್ಡಲಾಗಿ ಎರಡು ಖಾಲಿ ಪೈಪು ಹೂತುಬಿಡಿ. ಈಗ ಸಿಗ್ನಲ್ ಇಲ್ಲದಿದ್ದರೂ ಮುಂದೆ ಬಂದಾಗ ಕೇಬಲ್ಲಿಗಾಗಿ ಹೊಸ ಹಾಸನ್ನು ಸೀಳುವುದು ತಪ್ಪುತ್ತದೆ.

ಫುಟ್‌ಪಾತಿನ ಎತ್ತರ 150 ಮಿ.ಮೀ., ಹಾಸಿನದು 100. ಉಳಿದ 50ನ್ನು ಫುಟ್‌ಪಾತನ್ನೇ 1 ಮೀಟರ್ ಉದ್ದಕ್ಕೆ ಇಳಿಸಿ ಸರಿಗಟ್ಟಿ. ಕೂಡುವಲ್ಲಿ ತುಟಿ, ಅಂದರೆ ಎದ್ದುನಿಂತ ಅಂಚು, ಇರಬಾರದು. 20 ಮಿ.ಮೀ. ತುಟಿ ಕಣ್ಣಿಗೆ ಏನೂ ಅಲ್ಲ, ಆದರೆ ವ್ಹೀಲ್‌ಚೇರಿನ ಮುಂದಿನ ಪುಟ್ಟ ಗಾಲಿ ಅದಕ್ಕೆ ತಗುಲಿ ಅಡ್ಡ ತಿರುಗಿ ನಿಂತುಬಿಡುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ತಪಾಸಣೆಗೆ ಅಂಗೈ ಸವರಿ ನೋಡಿ, ಬೆರಳು ತಡೆದರೆ ಉಜ್ಜಿಸಿ. ಇಳಿಕೆಯ ಅಗಲ ಹಾದಿಯಷ್ಟೇ ಇರಲಿ. 6 ಮೀಟರ್ ಹಾದಿಗೆ 1.2 ಮೀಟರ್ ರ‍್ಯಾಂಪ್ ಕೊಟ್ಟರೆ ಸೈಕಲ್ಲು, ವ್ಹೀಲ್‌ಚೇರು, ತಳ್ಳುಗಾಡಿ ಎಲ್ಲ ಅದೊಂದೇ ಬಾಯಿಗೆ ನುಗ್ಗುತ್ತವೆ.

ಬಣ್ಣ: ಜೀಬ್ರಾ ಪಟ್ಟಿ ಅರ್ಧ ಮೀಟರ್, ನಡುವಿನ ಖಾಲಿ ಅರ್ಧ ಮೀಟರ್. ಒಂದು ಬದಿಗೆ 7 ಪಟ್ಟಿ, ಎರಡಕ್ಕೆ 14. ಮೂರು ಮೀಟರ್ ಉದ್ದದ ಪಟ್ಟಿಗಳಾದರೆ 21 ಚದರ ಮೀಟರ್. ಕಾಯಿಸಿ ಹಾಕುವ ಥರ್ಮೋಪ್ಲಾಸ್ಟಿಕ್ ಬಣ್ಣ 2.5 ಮಿ.ಮೀ. ದಪ್ಪಕ್ಕೆ ಸುಮಾರು 105 ಕಿಲೋ ಹಿಡಿಯುತ್ತದೆ. ಬಿಸಿ ಇರುವಾಗಲೇ ಮೇಲೆ ಉದುರಿಸುವ ಗಾಜಿನ ಮಣಿ ಚದರ ಮೀಟರಿಗೆ 250 ಗ್ರಾಮಿನಂತೆ 5 ಕಿಲೋ ಚಿಲ್ಲರೆ. ಮಣಿ ಉಳಿಸಿದರೆ ಹಗಲಲ್ಲಿ ಯಾರಿಗೂ ತಿಳಿಯುವುದಿಲ್ಲ, ರಾತ್ರಿ ಹೆಡ್‌ಲೈಟಿಗೆ ಪಟ್ಟಿಯೇ ಕಾಣುವುದಿಲ್ಲ.

ನಿಲ್ಲುವ ಗೆರೆಯನ್ನು ಹಾಸಿನ ಬುಡಕ್ಕೆ ಅಂಟಿಸಬೇಡಿ, 6 ಮೀಟರ್ ಹಿಂದೆ ಎಳೆಯಿರಿ. ಎರಡು ಲೇನಿನ ರಸ್ತೆಯಲ್ಲಿ ಸಾವು ತರುವ ಸನ್ನಿವೇಶ ಇದು: ಎಡ ಲೇನಿನ ಬಸ್ಸು ಸೌಜನ್ಯದಿಂದ ನಿಲ್ಲುತ್ತದೆ, ದಾಟುವವರು ಅದರ ಮೂತಿ ದಾಟಿ ಹೆಜ್ಜೆ ಇಟ್ಟರೆ ಬಲ ಲೇನಿನಲ್ಲಿ ಬೈಕು. ಇಬ್ಬರಿಗೂ ಬಸ್ಸು ಮರೆ. ಬಸ್ಸು ಹಿಂದೆ ನಿಂತಷ್ಟೂ ಇಬ್ಬರಿಗೂ ಒಬ್ಬರಿಗೊಬ್ಬರು ಕಾಣುತ್ತಾರೆ.

40 ಕಿ.ಮೀ. ವೇಗದಲ್ಲಿ ಬರುವ ವಾಹನಕ್ಕೆ ನಿಲ್ಲಲು 45 ಮೀಟರ್ ನೋಟ ಬೇಕು, 50ಕ್ಕೆ 60 ಮೀಟರ್. ಆ ನೋಟಕ್ಕೆ ಅಡ್ಡ ಬರುವ ಪಾರ್ಕಿಂಗು, ಗೂಡಂಗಡಿ, ಟ್ರಾನ್ಸ್‌ಫಾರ್ಮರು ಯಾವುವೆಂದು ಕೆಲಸಕ್ಕೆ ಮೊದಲೇ ಗುರುತು ಮಾಡಿ ಪಾಲಿಕೆಗೆ ಬರೆದುಕೊಡಿ. ಬಸ್ ಸ್ಟಾಪು ಕ್ರಾಸಿಂಗ್ ದಾಟಿದ ಮೇಲಿರಬೇಕು, ಮುಂಚೆ ಅಲ್ಲ. ದೀಪದ ಕಂಬ ಹಾಸಿನ ನೇರ ಮೇಲಿದ್ದರೆ ದಾಟುವವರ ತಲೆ ಬೆಳಗುತ್ತದೆ, ಎದೆ ಕತ್ತಲು. ವಾಹನ ಬರುವ ದಿಕ್ಕಿಗೆ ಮೂರ್ನಾಲ್ಕು ಮೀಟರ್ ಮೊದಲೇ ನೆಟ್ಟರೆ ಚಾಲಕನಿಗೆ ಮೈ ಕಾಣುತ್ತದೆ.

ನನಗೆ ದೃಷ್ಟಿ ಇಲ್ಲ, ಬಿಳಿಕೋಲು ಹಿಡಿದು ಓಡಾಡುತ್ತೇನೆ. ಟೇಬಲ್‌ಟಾಪ್ ಬಂದ ಮೇಲೆ ಫುಟ್‌ಪಾತ್ ಎಲ್ಲಿ ಮುಗಿಯಿತು, ರಸ್ತೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯದಾಗಿದೆ. ಮೊದಲಿನ ಮೆಟ್ಟಿಲೇ ವಾಸಿ ಎನ್ನಿಸುತ್ತದೆ.
— ಓದುಗರು, ಮೈಸೂರು

ನಿಮ್ಮ ದೂರು ನ್ಯಾಯವಾದದ್ದು. ಫುಟ್‌ಪಾತಿನ ಅಂಚುಗಲ್ಲಿನ ಇಳಿತವೇ ನಿಮಗೆ ರಸ್ತೆಯ ಗಡಿ. ಅದನ್ನು ಅಳಿಸಿದವರು ಬದಲಿಗೆ ಇನ್ನೊಂದು ಗಡಿ ಕೊಡಲೇಬೇಕು. ಅದೇ ಬೊಟ್ಟುಗಳುಳ್ಳ ಸ್ಪರ್ಶ ಹಂಚು. ಜಪಾನಿನ ಸೆಯಿಚಿ ಮಿಯಾಕೆ ರೂಪಿಸಿದ ಈ ಹಂಚನ್ನು ಮೊದಲು ಹಾಸಿದ್ದು ಒಕಾಯಾಮಾ ನಗರದಲ್ಲಿ, 1967ರಲ್ಲಿ. ಅದರ ಭಾಷೆ ಎರಡೇ ಪದದ್ದು: ಉದ್ದ ಗೆರೆಗಳಿದ್ದರೆ ಹೀಗೇ ಹೋಗಿ, ಬೊಟ್ಟುಗಳಿದ್ದರೆ ಇಲ್ಲಿ ನಿಲ್ಲಿ.

ಒಂದು ಸಾಲು ಹಂಚು ಸಾಲದು. 300 ಮಿ.ಮೀ. ಅಗಲದ ಒಂದೇ ಸಾಲನ್ನು ಪಾದ ಅರಿಯದೆ ದಾಟಿಬಿಡುತ್ತದೆ. ಎರಡು ಸಾಲು, ಅಂದರೆ 600 ಮಿ.ಮೀ., ನಡೆಯುವ ಹಾದಿಯ ಪೂರ್ತಿ ಅಗಲಕ್ಕೂ ಇರಬೇಕು. 3 ಮೀಟರ್ ಹಾದಿಗೆ ಒಂದು ಅಂಚಿಗೆ 20 ಹಂಚು. ಅಂಚುಗಳು ನಾಲ್ಕು: ಆಚೆ ಈಚೆ ಫುಟ್‌ಪಾತಿನವು ಎರಡು, ಡಿವೈಡರಿನ ಎರಡು ಬದಿ. ಒಟ್ಟು 80. ಡಿವೈಡರಿನವನ್ನು ಬಿಡುವುದೇ ಹೆಚ್ಚು. ಆಗ ದಾಟುವವರು ನಡುವಿನ ತಾಣಕ್ಕೆ ಬಂದದ್ದು ತಿಳಿಯದೆ ಎರಡನೇ ರಸ್ತೆಗೂ ಇಳಿದುಬಿಡುತ್ತಾರೆ. ಸೈಕಲ್ ಭಾಗವನ್ನೂ ನಡೆಯುವ ಭಾಗವನ್ನೂ ಬರೀ ಬಣ್ಣದ ಗೆರೆಯಿಂದ ಬೇರ್ಪಡಿಸುವುದೂ ನಿಮ್ಮ ಪಾಲಿಗೆ ಬೇರ್ಪಡಿಸದಂತೆಯೇ. ನಡುವೆ ಕೋಲಿಗೆ ಸಿಗುವ ಉಬ್ಬು ಪಟ್ಟಿ ಬೇಕು.

ಅಳವಡಿಕೆಯಲ್ಲಿ ನಡೆಯುವ ಅನಾಹುತಗಳನ್ನು ಅರ್ಜಿಯಲ್ಲಿ ಫೋಟೊ ಸಮೇತ ತೋರಿಸಿ: ಗೆರೆ ಹಂಚು ನೇರವಾಗಿ ಮರದ ಬುಡಕ್ಕೋ ಮ್ಯಾನ್‌ಹೋಲಿಗೋ ಕರೆದೊಯ್ಯುವುದು, ಬೊಟ್ಟು ಹಾಕುವಲ್ಲಿ ಗೆರೆ ಹಾಕಿರುವುದು, ಮಳೆಯಲ್ಲಿ ಜಾರುವ ಮಿರುಗು ಹಂಚು. ಹಳದಿ ಬಣ್ಣ ಅಲಂಕಾರಕ್ಕಲ್ಲ, ಮಂದದೃಷ್ಟಿಯವರಿಗಾಗಿ. ಸುತ್ತಲ ನೆಲವೂ ತಿಳಿ ಬಣ್ಣದ್ದಾದರೆ ಆ ಉಪಯೋಗ ಹೋಯಿತು.

ಸಿಗ್ನಲ್ ಬರುವುದಾದರೆ ಶಬ್ದ ಕೊಡುವ ಘಟಕ ಕೇಳಿ. ಕಾಯುವಾಗ ನಿಧಾನ ಟಿಕ್‌ಟಿಕ್, ಕಂಬ ಹುಡುಕಲು ಅದೇ ಗುರುತು. ದಾಟುವ ಹೊತ್ತಿಗೆ ವೇಗದ ಸದ್ದು. ಗುಂಡಿ ನೆಲದಿಂದ ಸುಮಾರು 1 ಮೀಟರ್ ಎತ್ತರದಲ್ಲಿ, ಗೆರೆ ಹಂಚು ಮುಗಿಯುವಲ್ಲೇ ಇರಬೇಕು. ಬ್ಯಾಟರಿ ಸ್ಕೂಟರುಗಳು ಸದ್ದಿಲ್ಲದೆ ಬರುವ ಈ ಕಾಲದಲ್ಲಿ ಕಿವಿಯೊಂದನ್ನೇ ನಂಬಿ ದಾಟಿ ಎನ್ನುವುದು ಸರಿಯಲ್ಲ.

ನಮ್ಮ ಹಾದಿಯಲ್ಲಿ ಬೈಕು, ಸ್ಕೂಟರ್ ಕಾಟ. ಡಿವೈಡರಿನಲ್ಲಿ ದಾರಿ ಬಿಟ್ಟ ಮೇಲಂತೂ ಅದು ಯೂ-ಟರ್ನ್ ಆಗಿದೆ. ಎಷ್ಟು ದೂರಕ್ಕೊಂದು ಗೂಟ ನೆಟ್ಟರೆ ಬೈಕು ತಡೆಯಬಹುದು?
— ಓದುಗರು, ತುಮಕೂರು

ಗೂಟದಿಂದ ಬೈಕು ತಡೆಯಲು ಆಗುವುದಿಲ್ಲ. ಸ್ಕೂಟರಿನ ಹ್ಯಾಂಡಲ್ ಅಗಲ 700 ಮಿ.ಮೀ. ಆಸುಪಾಸು, ವ್ಹೀಲ್‌ಚೇರಿನದೂ ಸುಮಾರು ಅಷ್ಟೇ. ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವ ಸಂದಿ ಈ ಲೋಕದಲ್ಲಿಲ್ಲ. ಅಂಕುಡೊಂಕು ಕಬ್ಬಿಣದ ಗೇಟು ಹಾಕಿದರೆ ಬೈಕಿನವನು ಎರಡು ಸಲ ಹಿಂದೆ ಮುಂದೆ ಮಾಡಿ ಒಳಗೆ ಬರುತ್ತಾನೆ. ವ್ಹೀಲ್‌ಚೇರು ಹೊರಗೇ ಉಳಿಯುತ್ತದೆ.

ಗೂಟದ ಕೆಲಸ ಕಾರು, ಆಟೊ ತಡೆಯುವುದು. ಅಲ್ಲೂ ಲೆಕ್ಕ ತಪ್ಪುತ್ತಾರೆ. 3 ಮೀಟರ್ ಹಾದಿಯ ನಡುವೆ 150 ಮಿ.ಮೀ. ದಪ್ಪದ ಒಂದು ಗೂಟ ನೆಟ್ಟರೆ ಎರಡು ಪಕ್ಕ 1.42 ಮೀಟರ್ ಉಳಿಯುತ್ತದೆ. ಆಟೊ ಅಗಲ 1.3 ಮೀಟರ್, ಸಲೀಸಾಗಿ ನುಗ್ಗುತ್ತದೆ. ಎರಡನ್ನು ಸಮದೂರದಲ್ಲಿ ನೆಟ್ಟರೆ ಮೂರು ಸಂದಿಯೂ 900 ಮಿ.ಮೀ. ಆಗಿ ಸೈಕಲ್ಲಿಗೆ ಇಕ್ಕಟ್ಟು. ನಡುವಿನ ಸಂದಿ 1.2 ಮೀಟರ್, ಪಕ್ಕದವು 750 ಮಿ.ಮೀ. ಬರುವಂತೆ ಎರಡು ಗೂಟ ನೆಡಿ. ಆಟೊ ನಿಲ್ಲುತ್ತದೆ, ಸೈಕಲ್ಲೂ ವ್ಹೀಲ್‌ಚೇರೂ ನೆಟ್ಟಗೆ ಹೋಗುತ್ತವೆ. ಗೂಟಕ್ಕೆ ಪ್ರತಿಫಲಿಸುವ ಪಟ್ಟಿ ಅಂಟಿಸಿ. ಡಿವೈಡರಿನ ಬಾಯಿಗೂ ಇದೇ ಅಳತೆ.

ಬೈಕಿನವರು ಬರುವುದಕ್ಕೆ ಕಾರಣ ಹುಡುಕಿ. ಮುಂದಿನ ಯೂ-ಟರ್ನ್ ಒಂದು ಕಿಲೋಮೀಟರ್ ಆಚೆ ಇದ್ದರೆ ಅವರಿಗೆ ನಿಮ್ಮ ಹಾದಿಯೇ ಅಡ್ಡದಾರಿ. ಸಂಚಾರ ಪೊಲೀಸರಿಂದ ಆ ತಿರುವನ್ನು ಹತ್ತಿರ ತರಿಸುವುದು, ಕ್ಯಾಮೆರಾ ಹಾಕಿಸಿ ದಂಡ ಕಳಿಸುವುದು, ಇವೆರಡೇ ಉಪಾಯ.

ಇಲ್ಲಿ ಮಿಡ್‌ಟೌನ್ ಗ್ರೀನ್‌ವೇ ಎಂಬ ಸೈಕಲ್ ಹಾದಿ ಹಯಾವಾಥಾ ಅವೆನ್ಯೂ ಎಂಬ ಹೆದ್ದಾರಿಯನ್ನು ಸೇತುವೆಯ ಮೇಲೆ ದಾಟುತ್ತದೆ. ಚಳಿಗಾಲದಲ್ಲೂ ಜನ ಬಳಸುತ್ತಾರೆ. ನೀವು ಸೇತುವೆಯೇ ಬೇಡ ಎನ್ನುವಂತಿದೆಯಲ್ಲ?
— ಕನ್ನಡಿಗರು, ಮಿನಿಯಾಪೊಲಿಸ್, ಅಮೆರಿಕ

ಬೇಡ ಎನ್ನುವುದಿಲ್ಲ, ಜಾಗ ನೋಡಿ ಎನ್ನುತ್ತೇವೆ. ನೀವು ಹೇಳುವ ಮಾರ್ಟಿನ್ ಓಲಾವ್ ಸಾಬೊ ಸೇತುವೆ 2007ರಲ್ಲಿ ತೆರೆಯಿತು. ಕೆಳಗೆ ಹಲವು ಲೇನಿನ ಹೆದ್ದಾರಿ, ಪಕ್ಕದಲ್ಲೇ ಲೈಟ್ ರೈಲಿನ ಹಳಿ. ಅಂಥ ಕಡೆ ನೆಲದ ಮೇಲೆ ದಾಟಿಸುವುದು ಕಷ್ಟ. ಉದ್ದನೆಯ ರ‍್ಯಾಂಪಿಗೆ ಜಾಗವೂ ಇತ್ತು, ಆದ್ದರಿಂದ ಸೈಕಲ್ಲಿನವರು ಇಳಿಯದೆ ಹೋಗುತ್ತಾರೆ. ಮೆಟ್ಟಿಲು, ಲಿಫ್ಟು ಇಲ್ಲದಿರುವುದೇ ಅದರ ಗೆಲುವು.

ಆದರೆ ಆ ಸೇತುವೆಯ ಇನ್ನೊಂದು ಅಧ್ಯಾಯವೂ ತಿಳಿದಿರಲಿ. 2012ರ ಫೆಬ್ರವರಿಯಲ್ಲಿ ಸೇತುವೆಯನ್ನು ಎತ್ತಿಹಿಡಿದ ಕೇಬಲ್ಲುಗಳನ್ನು ಕಂಬಕ್ಕೆ ಹಿಡಿದಿಟ್ಟ ಉಕ್ಕಿನ ಪಟ್ಟಿಯೊಂದು ಮುರಿದು ಕೇಬಲ್ಲುಗಳು ಕಳಚಿದವು. ಗಾಳಿಗೆ ಕೇಬಲ್ ಸಣ್ಣಗೆ ಕಂಪಿಸಿ ಕಂಪಿಸಿ ಲೋಹ ದಣಿದದ್ದು ಕಾರಣ. ಹೆದ್ದಾರಿ, ರೈಲು ಎರಡನ್ನೂ ನಿಲ್ಲಿಸಬೇಕಾಯಿತು. ನಡಿಗೆಯ ಸೇತುವೆಗಳು ಹಗುರ, ಹಗುರವಾದಷ್ಟೂ ಕಂಪನಕ್ಕೆ ಮೆದು. ಲಂಡನ್ನಿನ ಮಿಲೇನಿಯಂ ಸೇತುವೆಯನ್ನು 2000ದ ಜೂನಿನಲ್ಲಿ ತೆರೆದು ಎರಡೇ ದಿನಕ್ಕೆ ಮುಚ್ಚಿ, ಕಂಪನ ಹೀರುವ ಸಾಧನ ಕೂರಿಸಿ 2002ರಲ್ಲಿ ಮತ್ತೆ ತೆರೆದರು. ಅಲ್ಲಿ ಗಾಳಿಯಲ್ಲ, ಜನರ ಹೆಜ್ಜೆಗಳೇ ಸೇತುವೆಯನ್ನು ಪಕ್ಕಕ್ಕೆ ತೂಗಿದ್ದವು.

ನಮಗೆ ಮೆಚ್ಚಿಗೆಯಾದ ಉದಾಹರಣೆ ನೆದರ್ಲೆಂಡ್ಸಿನ ಐಂಡ್‌ಹೋವನ್ ಬಳಿಯ ಹೊವೆನ್‌ರಿಂಗ್, 2012ರದು. 72 ಮೀಟರ್ ವ್ಯಾಸದ ಉಕ್ಕಿನ ಬಳೆ, 70 ಮೀಟರಿನ ಒಂದೇ ಕಂಬದಿಂದ 24 ಕೇಬಲ್ಲುಗಳಲ್ಲಿ ತೂಗುತ್ತದೆ. ಚಿತ್ರದಲ್ಲಿ ಎಲ್ಲರೂ ನೋಡುವುದು ಆ ಬಳೆಯನ್ನು. ಎಂಜಿನಿಯರುಗಳು ನೋಡಬೇಕಾದದ್ದು ಕೆಳಗಿನ ನೆಲ. ಸೈಕಲ್ಲಿನವರು ಕಡಿದಾಗಿ ಹತ್ತಬಾರದೆಂದು ಕಾರಿನ ರಸ್ತೆಯನ್ನೇ ಒಂದೂವರೆ ಮೀಟರ್ ತಗ್ಗಿಸಿದ್ದಾರೆ. ಅಲ್ಲೂ ತೆರೆದ ಹೊಸದರಲ್ಲಿ ಕೇಬಲ್ ಕಂಪಿಸಿ, ಕಂಪನ ಹೀರುವ ಸಾಧನ ಹಾಕಬೇಕಾಯಿತೆನ್ನಿ.

ಕರ್ನಾಟಕದಲ್ಲೂ ಕೆರೆ ಏರಿಯೇ ರಸ್ತೆಗಿಂತ ಮೂರ್ನಾಲ್ಕು ಮೀಟರ್ ಎತ್ತರ ಇರುವ ಜಾಗಗಳಿವೆ. ಎರಡೂ ಬದಿ ಹಾಗಿದ್ದರೆ ಹತ್ತುವ ಶ್ರಮ ಅರ್ಧ ಅಥವಾ ಅದಕ್ಕೂ ಕಡಿಮೆ. ಅಲ್ಲಿ ಸೇತುವೆ ಯೋಚಿಸಬಹುದು. ಒಂದೇ ಬದಿ ಎತ್ತರವಿದ್ದರೆ ಅದು ಸಮಸ್ಯೆಯ ಅರ್ಧಕ್ಕೆ ಮಾತ್ರ ಉತ್ತರ.

ಹೊಸ ಸಿಗ್ನಲ್ಲಿನಲ್ಲಿ ದಾಟಲು 15 ಸೆಕೆಂಡು ಕೊಡುತ್ತಾರೆ. ನಾನು ನಡುವಿರುವಾಗಲೇ ಹಾರ್ನ್ ಶುರು. ಎಷ್ಟು ಕೇಳಬೇಕು?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಮೇಡಂ, ರಸ್ತೆಯ ಅಗಲವನ್ನು ಟೇಪಿನಿಂದ ಅಳೆಯಿಸಿ. 16 ಮೀಟರ್ ಇದ್ದರೆ, ಲೆಕ್ಕಪುಸ್ತಕದ ನಡಿಗೆ ಸೆಕೆಂಡಿಗೆ 1.2 ಮೀಟರಿನಂತೆ 13.3 ಸೆಕೆಂಡು. ಬಹುಶಃ ಅದನ್ನೇ 15ಕ್ಕೆ ದುಂಡು ಮಾಡಿದ್ದಾರೆ. ದೀಪ ನೋಡಿ ಹೊರಡಲು, ಮುಂದೆ ನಿಂತವರು ಸರಿಯಲು ಬೇಕಾದ 7 ಸೆಕೆಂಡು ಇದರಲ್ಲಿ ಸೇರಿಲ್ಲ. ಸೇರಿಸಿದರೆ 20. ಹಿರಿಯರ 0.8 ಮೀಟರ್ ನಡಿಗೆಗೆ 20 ಕೂಡಿಸು 7, ಅಂದರೆ 27 ಸೆಕೆಂಡು. ಇಷ್ಟನ್ನೇ ಬರೆದು ಕೊಡಿ. ಹಸಿರು ಮನುಷ್ಯ ಮಿನುಗತೊಡಗಿದರೆ ಹೊಸದಾಗಿ ಇಳಿಯಬಾರದು, ಇಳಿದವರು ಮುಗಿಸಬೇಕು ಎಂದಷ್ಟೇ ಅರ್ಥ. ಅರ್ಧದಲ್ಲಿ ಹಿಂದಿರುಗಬೇಡಿ.

ಕಾಯಿಸುವ ಹೊತ್ತನ್ನೂ ಕೇಳಿ. ಗುಂಡಿ ಒತ್ತಿ 40 ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಿದರೆ ಜನ ಕೆಂಪಿನಲ್ಲೇ ಇಳಿಯುತ್ತಾರೆ. ಆಮೇಲೆ ಬರುವ ಹಸಿರಿಗೆ ರಸ್ತೆಯಲ್ಲಿ ಯಾರೂ ಇರುವುದಿಲ್ಲ, ಚಾಲಕರೂ ಅದನ್ನು ಲೆಕ್ಕಿಸುವುದು ಬಿಡುತ್ತಾರೆ.

ಟೇಬಲ್‌ಟಾಪ್ ಹಾಕಿದ ಮೇಲೆ ಅದರ ಮೇಲ್ಬದಿಯಲ್ಲಿ ಮೊಣಕಾಲುದ್ದ ನೀರು. ತೆಗೆಸಿಬಿಡಿ ಎನ್ನುತ್ತಾರೆ ಅಂಗಡಿಯವರು.
— ಓದುಗರು, ಮಂಗಳೂರು

ಎತ್ತರದ ಹಾಸು ರಸ್ತೆಯಂಚಿನ ನೀರಿಗೆ ಅಡ್ಡಗಟ್ಟೆ. ನಿಮ್ಮೂರಿನ ಮಳೆಗೆ ಅದನ್ನು ಮೊದಲೇ ಯೋಚಿಸಬೇಕಿತ್ತು. ತೆಗೆಸುವ ಅಗತ್ಯ ಇಲ್ಲ. ನೀರು ಹರಿದು ಬರುವ ಕಡೆ, ಇಳಿಜಾರಿನ ಬುಡಕ್ಕಿಂತ ಅರ್ಧ ಒಂದು ಮೀಟರ್ ಮೊದಲೇ ಎರಡೂ ಅಂಚಿಗೆ ಜಾಲರಿ ಬಾಯಿ ಕೊರೆದು ಚರಂಡಿಗೆ ಸೇರಿಸಿ. ರಸ್ತೆಯ ಅತಿ ತಗ್ಗಿನ ಜಾಗದಲ್ಲಿ ಕ್ರಾಸಿಂಗ್ ಇದ್ದರೆ ಎರಡೂ ಕಡೆ ಬೇಕು. ಜಾಲರಿಯ ಸಂದಿ 12 ಮಿ.ಮೀ. ಮೀರದೆ, ಸೈಕಲ್ ಓಡುವ ದಿಕ್ಕಿಗೆ ಅಡ್ಡವಾಗಿರಲಿ. ಉದ್ದುದ್ದ ಸಂದಿಗೆ ತೆಳು ಚಕ್ರ ಇಳಿದರೆ ಸವಾರ ಹ್ಯಾಂಡಲ್ ಮೇಲಿನಿಂದ ಬೀಳುತ್ತಾನೆ. ಅಂಚಿನಲ್ಲಿ ಒಂದಡಿ ಸಂದಿ ಬಿಟ್ಟು ಮೇಲೆ ಕಬ್ಬಿಣದ ತಗಡು ಮುಚ್ಚುವ ಉಪಾಯವನ್ನು ಕೆಲವರು ಹೇಳುತ್ತಾರೆ. ಮಳೆಯಲ್ಲಿ ತಗಡು ಜಾರುತ್ತದೆ, ಒಂದು ದಿನ ಕಳುವೂ ಆಗುತ್ತದೆ. ಬೇಡ. ಹಾಸಿನ ಮೇಲ್ಮೈಗೆ ನೂರಕ್ಕೆ ಒಂದೂವರೆಯಷ್ಟು ಅಡ್ಡ ಇಳಿಜಾರು ಇದ್ದರೆ ಅದರ ಮೇಲೆ ನೀರು ನಿಲ್ಲುವುದಿಲ್ಲ, ವ್ಹೀಲ್‌ಚೇರೂ ಪಕ್ಕಕ್ಕೆ ಎಳೆಯುವುದಿಲ್ಲ. ಜಾಲರಿ ಬಾಯಿಯ ಹೂಳನ್ನು ಮೇ ಮುಗಿಯುವುದರೊಳಗೆ ಒಮ್ಮೆ, ಜುಲೈನಲ್ಲಿ ಇನ್ನೊಮ್ಮೆ ತೆಗೆಸುವ ಷರತ್ತನ್ನು ನಿರ್ವಹಣಾ ಕರಾರಿನಲ್ಲೇ ಬರೆಸಿ.